ಕೆಗೆಲ್ ವ್ಯಾಯಾಮ

ಕೆಗೆಲ್ ವ್ಯಾಯಾಮವೆಂದರೆ ಶ್ರೋಣಿಕುಹರದ, ಅಂದರೆ ಸೊಂಟದ ಎಲುಬುಗಳ ನಡುವಣ ಪೊಳ್ಳುಭಾಗದ, ತಳದಲ್ಲಿರುವ ಸ್ನಾಯುಗಳನ್ನು ಬಿಗಿಹಿಡಿದು, ಮೇಲಕ್ಕೆ ಸೆಳೆದು, ಮತ್ತೆ ಸಡಿಲಬಿಡುವ ಕ್ರಮಬದ್ಧವಾದ ಅಭ್ಯಾಸ. ಇದನ್ನು ಶ್ರೋಣಿತಳದ ವ್ಯಾಯಾಮ ಎಂದೂ ಕರೆಯುತ್ತಾರೆ. ಈ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳಿಗೆ ಕೆಳಗಿನಿಂದ ಆಧಾರವಾಗಿರುತ್ತವೆ. ಬಸಿರು ಮತ್ತು ಹೆರಿಗೆಯಿಂದ ಅವು ದುರ್ಬಲಗೊಂಡಾಗ ಕೆಮ್ಮಿದರೆ, ಸೀನಿದರೆ, ನಕ್ಕರೆ ಅಥವಾ ತುಂಬಿದ ಕೊಡ ಎತ್ತಿದರೆ ಮೂತ್ರ ಸೋರುವ ತೊಂದರೆ ಕಾಣಿಸಿಕೊಳ್ಳಬಹುದು. ಹೆತ್ತವರಿಗೆ ಇದು ಇದ್ದದ್ದೇ ಎಂದು ಭಾವಿಸಿ, ನಾಚಿಕೆಯಿಂದ ಯಾರಿಗೂ ಹೇಳದೆ, ವರ್ಷಗಟ್ಟಲೆ ಸಹಿಸುವ ಮಹಿಳೆಯರು ಅನೇಕರಿದ್ದಾರೆ. ಈ ತೊಂದರೆ ಸಾಮಾನ್ಯವಾದುದು ನಿಜ, ಆದರೆ ಸಹಿಸಿಕೊಂಡಿರಲೇಬೇಕಾದುದಲ್ಲ. ಸರಿಯಾದ ರೀತಿಯಲ್ಲಿ ಕೆಲವು ತಿಂಗಳು ಮಾಡಿದ ಕೆಗೆಲ್ ವ್ಯಾಯಾಮದಿಂದ ಬಹಳಷ್ಟು ಮಂದಿಗೆ ಗುಣ ಕಂಡುಬರುತ್ತದೆ.

ಹೆಸರು ಮತ್ತು ಇತಿಹಾಸ

ಈ ವ್ಯಾಯಾಮಕ್ಕೆ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಹೆನ್ರಿ ಕೆಗೆಲ್ (1894–1972) ಅವರ ಹೆಸರು ಬಂದಿದೆ. ಹೆರಿಗೆಯ ನಂತರ ಸಡಿಲಗೊಂಡ ಸ್ನಾಯುಗಳನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಬಲಪಡಿಸುವ ಕ್ರಮವನ್ನು ಅವರು 1948ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಸ್ನಾಯುವಿನ ಹಿಡಿತದ ಒತ್ತಡವನ್ನು ಅಳೆಯಲು ಪೆರಿನಿಯೋಮೀಟರ್ ಎಂಬ ಉಪಕರಣವನ್ನೂ ರೂಪಿಸಿದರು. ಮಹಿಳೆಯು ತನ್ನ ಪ್ರಯತ್ನದ ಫಲವನ್ನು ಮಾಪಕದ ಮುಳ್ಳಿನಲ್ಲಿ ತಾನೇ ನೋಡಿ ತಿದ್ದಿಕೊಳ್ಳಬಹುದಾಗಿದ್ದುದು ಈ ಉಪಕರಣದ ವೈಶಿಷ್ಟ್ಯ.

ಕೆಗೆಲ್ ಅವರಿಗಿಂತ ಮೊದಲೇ ಈ ಬಗೆಯ ಅಭ್ಯಾಸ ಬಳಕೆಯಲ್ಲಿತ್ತು. ಬ್ರಿಟನ್ನಿನ ನೃತ್ಯಗಾರ್ತಿ ಮಾರ್ಗರೆಟ್ ಮಾರಿಸ್ ಮತ್ತು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನೀ ರ‍್ಯಾಂಡೆಲ್ ಅವರು ಗರ್ಭಿಣಿಯರಿಗೂ ಬಾಣಂತಿಯರಿಗೂ ವ್ಯಾಯಾಮ ಕಲಿಸುತ್ತಿದ್ದು, 1936ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ್ದರು.

ಸ್ನಾಯುಗಳ ರಚನೆ ಮತ್ತು ಕಾರ್ಯ

ಶ್ರೋಣಿತಳದ ಸ್ನಾಯುಗಳು ಮುಂಭಾಗದ ಜಘನಾಸ್ಥಿಯಿಂದ ಹಿಂಭಾಗದ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡಿವೆ. ಇವುಗಳಲ್ಲಿ ಮುಖ್ಯವಾದುದು ಲಿವೇಟರ್ ಏನೈ ಎಂಬ ಸ್ನಾಯುಸಮೂಹ. ಅದರ ಹಿಂದೆ ಕಾಕ್ಸಿಜಿಯಸ್ ಎಂಬ ಸ್ನಾಯು ಇದೆ. ಮಹಿಳೆಯರಲ್ಲಿ ಮೂತ್ರನಾಳ, ಯೋನಿ ಮತ್ತು ಗುದಮಾರ್ಗಗಳು ಈ ಜೋಲಿಯ ಮೂಲಕ ಹಾದುಹೋಗುತ್ತವೆ.

ಈ ಸ್ನಾಯುಗಳಿಗೆ ಎರಡು ಬಗೆಯ ಕೆಲಸಗಳಿವೆ. ಮೊದಲನೆಯದು, ಹಗಲೆಲ್ಲ ಸಣ್ಣ ಬಿಗಿತದಲ್ಲಿದ್ದು ಮೇಲಿನ ಅಂಗಗಳ ಭಾರವನ್ನು ಹೊರುವುದು. ಎರಡನೆಯದು, ಕೆಮ್ಮು ಅಥವಾ ಸೀನು ಬಂದಾಗ ಹೊಟ್ಟೆಯ ಒತ್ತಡ ಕೆಳಕ್ಕಿಳಿಯುವ ಹೊತ್ತಿಗೆ ಫಕ್ಕನೆ ಬಿಗಿದುಕೊಂಡು ಮೂತ್ರನಾಳವನ್ನು ಮುಚ್ಚಿಹಿಡಿಯುವುದು. ನಿಧಾನವಾಗಿ ದುಡಿದು ಬೇಗ ದಣಿಯದ ನಾರುಗಳು ಮೊದಲ ಕೆಲಸಕ್ಕೂ, ವೇಗವಾಗಿ ದುಡಿದು ಬೇಗ ದಣಿಯುವ ನಾರುಗಳು ಎರಡನೆಯದಕ್ಕೂ ಒದಗುತ್ತವೆ. ವ್ಯಾಯಾಮದಲ್ಲಿ ದೀರ್ಘ ಹಿಡಿತ ಮತ್ತು ಚುರುಕಾದ ಹಿಡಿತ ಎಂಬ ಎರಡು ಬಗೆಗಳು ಇರುವುದು ಇದೇ ಕಾರಣದಿಂದ.

ಬಸಿರು ಮತ್ತು ಹೆರಿಗೆಯ ಪರಿಣಾಮ

ಬಸಿರಿನಲ್ಲಿ ಗರ್ಭಕೋಶದ ತೂಕ ತಿಂಗಳಿಂದ ತಿಂಗಳಿಗೆ ಏರುತ್ತದೆ. ಹಾರ್ಮೋನುಗಳ ಪ್ರಭಾವದಿಂದ ಅಂಗಾಂಶಗಳು ಮೃದುವಾಗುತ್ತವೆ. ಯೋನಿಮಾರ್ಗದ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಲಿವೇಟರ್ ಏನೈ ಸ್ನಾಯುವಿನ ಒಳಅಂಚಿನ ಭಾಗವು ಸಹಜ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆ ಎಂದು 2004ರಲ್ಲಿ ಪ್ರಕಟವಾದ ಕಂಪ್ಯೂಟರ್ ಮಾದರಿಯ ಅಧ್ಯಯನವೊಂದು ಲೆಕ್ಕಹಾಕಿದೆ. ಇಕ್ಕಳ ಬಳಸಿದ ಹೆರಿಗೆ, ದೊಡ್ಡ ಗಾತ್ರದ ಮಗು, ಗುದದ್ವಾರದವರೆಗೆ ಹರಿದ ಗಾಯ ಮೊದಲಾದವು ಹಾನಿಯ ಸಂಭವವನ್ನು ಹೆಚ್ಚಿಸುತ್ತವೆ. ಸಿಸೇರಿಯನ್ ಹೆರಿಗೆಯಾದವರಲ್ಲಿ ಈ ಸಂಭವ ಕಡಿಮೆ. ಆದರೂ ಒಂಬತ್ತು ತಿಂಗಳ ಭಾರವನ್ನು ಅವರ ಸ್ನಾಯುಗಳೂ ಹೊತ್ತಿರುವುದರಿಂದ ಅವರಿಗೂ ಈ ವ್ಯಾಯಾಮ ಅಗತ್ಯವೇ.

ಸ್ನಾಯುಗಳು ಸೋತಾಗ ಮೂತ್ರ ಸೋರುವುದು, ಹೂಸು ಅಥವಾ ಮಲವನ್ನು ತಡೆಹಿಡಿಯಲಾಗದಿರುವುದು, ಗರ್ಭಕೋಶ ಜಾರುವುದು ಮುಂತಾದ ತೊಂದರೆಗಳು ಉಂಟಾಗಬಹುದು.

ಸರಿಯಾದ ಸ್ನಾಯುವನ್ನು ಗುರುತಿಸುವುದು

ಈ ಸ್ನಾಯುಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅವುಗಳನ್ನು ಗುರುತಿಸುವುದೇ ಅಭ್ಯಾಸದ ಕಠಿಣವಾದ ಭಾಗ. ಹೂಸನ್ನು ತಡೆಯುವಂತೆ ಗುದದ್ವಾರವನ್ನು ಬಿಗಿಹಿಡಿದು, ಅದೇ ವೇಳೆಗೆ ಮೂತ್ರವನ್ನು ತಡೆಯುವಂತೆ ಮುಂಭಾಗವನ್ನೂ ಬಿಗಿಹಿಡಿದರೆ, ಒಳಗಿನಿಂದ ಮೇಲಕ್ಕೆ ಎತ್ತಿದಂತಹ ಅನುಭವವಾಗುತ್ತದೆ. ಅದೇ ಸರಿಯಾದ ಚಲನೆ. ಹೊಟ್ಟೆ, ತೊಡೆ ಮತ್ತು ಪೃಷ್ಠಗಳು ಸಡಿಲವಾಗಿಯೇ ಇರಬೇಕು, ಉಸಿರಾಟ ನಿಲ್ಲಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು ಇವು:

• ಮಲವಿಸರ್ಜನೆಗೆ ಮುಕ್ಕುವಂತೆ ಕೆಳಕ್ಕೆ ಒತ್ತುವುದು. ಇದು ವ್ಯಾಯಾಮದ ವಿರುದ್ಧ ದಿಕ್ಕಿನ ಚಲನೆ. ಇದರಿಂದ ತೊಂದರೆ ಹೆಚ್ಚಬಹುದು.
• ಉಸಿರು ಕಟ್ಟಿ ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುವುದು.
• ತೊಡೆಗಳನ್ನು ಒತ್ತಿ ಹಿಡಿಯುವುದು ಅಥವಾ ಪೃಷ್ಠವನ್ನು ಬಿಗಿಯುವುದು.
• ಪ್ರತಿ ಹಿಡಿತದ ನಂತರ ಪೂರ್ತಿಯಾಗಿ ಸಡಿಲಬಿಡದಿರುವುದು.

ಮೂತ್ರ ವಿಸರ್ಜಿಸುವಾಗ ನಡುವೆ ತಡೆಯುವುದನ್ನೇ ವ್ಯಾಯಾಮವಾಗಿ ಮಾಡಿಕೊಳ್ಳುವುದು ಸಲ್ಲದು. ಹಾಗೆ ಮಾಡಿದರೆ ಮೂತ್ರಕೋಶವು ಪೂರ್ತಿ ಖಾಲಿಯಾಗದೆ ಉಳಿಯಬಹುದು. ಮಾತಿನ ವಿವರಣೆಯನ್ನು ಕೇಳಿದ ಮಾತ್ರಕ್ಕೆ ಎಲ್ಲರಿಗೂ ಸರಿಯಾದ ಚಲನೆ ಬರುವುದಿಲ್ಲ. ಸಂದೇಹವಿದ್ದಲ್ಲಿ ವೈದ್ಯರು, ತರಬೇತಿ ಪಡೆದ ಶುಶ್ರೂಷಕಿ ಅಥವಾ ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ತಿಳಿಸಬಲ್ಲರು.

ಅಭ್ಯಾಸದ ಕ್ರಮ

1. ಮೂತ್ರಕೋಶವನ್ನು ಖಾಲಿ ಮಾಡಿಕೊಂಡು ಮಲಗಿ ಅಥವಾ ಕುಳಿತು ಆರಂಭಿಸಬೇಕು. ರೂಢಿಯಾದ ಮೇಲೆ ನಿಂತು ಮಾಡಬಹುದು.
2. ಸ್ನಾಯುಗಳನ್ನು ಮೆಲ್ಲನೆ ಬಿಗಿದು ಮೇಲಕ್ಕೆ ಸೆಳೆದು, ಮೊದಮೊದಲು 3ರಿಂದ 5 ಸೆಕೆಂಡು ಹಿಡಿಯಬೇಕು.
3. ಅಷ್ಟೇ ಹೊತ್ತು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಪೂರ್ತಿ ಸಡಿಲಬಿಡಬೇಕು.
4. ಹೀಗೆ 8ರಿಂದ 10 ಸಲ ಮಾಡಬೇಕು. ವಾರಗಳು ಕಳೆದಂತೆ ಹಿಡಿತದ ಅವಧಿಯನ್ನು 10 ಸೆಕೆಂಡಿನವರೆಗೆ ಹೆಚ್ಚಿಸಿಕೊಳ್ಳಬಹುದು.
5. ಅನಂತರ ಫಕ್ಕನೆ ಬಿಗಿದು ಕೂಡಲೇ ಬಿಡುವ ಚುರುಕಾದ ಹಿಡಿತಗಳನ್ನು 8ರಿಂದ 10 ಸಲ ಮಾಡಬೇಕು.
6. ದಿನಕ್ಕೆ ಮೂರು ಬಾರಿ ಇದನ್ನು ಅಭ್ಯಾಸ ಮಾಡಬೇಕು.

ಮೂತ್ರ ಸೋರುವ ಮಹಿಳೆಯರಿಗೆ ಪ್ರತಿ ಸಲ ಕನಿಷ್ಠ 8 ಹಿಡಿತಗಳಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಈ ಅಭ್ಯಾಸ ಮಾಡಿಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಒಂದೆರಡು ವಾರಗಳಲ್ಲಿ ಫಲ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಬಹಳ. ಇತರ ಯಾವುದೇ ಸ್ನಾಯುವಿನಂತೆ ಇವೂ ಬಲಗೊಳ್ಳಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತವೆ. ಕೆಮ್ಮುವ, ಸೀನುವ ಅಥವಾ ಮಗುವನ್ನು ಎತ್ತಿಕೊಳ್ಳುವ ಮುನ್ನ ಸ್ನಾಯುವನ್ನು ಬಿಗಿಹಿಡಿಯುವ ರೂಢಿಯನ್ನೂ ಮಾಡಿಕೊಳ್ಳಬೇಕು.

ಗರ್ಭಿಣಿಯರಲ್ಲಿ

ತೊಡಕಿಲ್ಲದ ಬಸಿರಿನಲ್ಲಿ ಈ ವ್ಯಾಯಾಮವನ್ನು ಆರಂಭದ ತಿಂಗಳುಗಳಿಂದಲೇ ಮಾಡಬಹುದು. ಬಸಿರು ಬೆಳೆದಂತೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭಕೋಶವು ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದಾದ್ದರಿಂದ, ಪಕ್ಕಕ್ಕೆ ಮಲಗಿ ಅಥವಾ ಕುಳಿತು ಮಾಡುವುದು ಒಳ್ಳೆಯದು. ರಕ್ತಸ್ರಾವವಾಗುತ್ತಿದ್ದರೆ ಅಥವಾ ವೈದ್ಯರು ವಿಶ್ರಾಂತಿ ಸೂಚಿಸಿದ್ದರೆ ಅವರನ್ನು ಕೇಳದೆ ಮಾಡಬಾರದು.

ಸ್ನಾಯು ಬಲವಾದರೆ ಹೆರಿಗೆ ಕಷ್ಟವಾದೀತೆಂಬ ಶಂಕೆ ಕೆಲವರಲ್ಲಿದೆ. ನಾರ್ವೆ ದೇಶದಲ್ಲಿ 301 ಚೊಚ್ಚಲ ಬಸುರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರಲ್ಲಿ ಹೆರಿಗೆಯ ಎರಡನೆಯ ಹಂತವು ದೀರ್ಘವಾದ ಪ್ರಸಂಗಗಳು ಕಡಿಮೆಯಿದ್ದವು. ಸ್ನಾಯುವನ್ನು ಬಿಗಿಯಲು ಕಲಿತವಳಿಗೆ ಸಡಿಲಬಿಡುವುದೂ ತಿಳಿದಿರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಬೇಕಾಗುವುದು ಈ ಸಡಿಲಿಕೆಯೇ.

ಬಾಣಂತಿಯರಲ್ಲಿ

ಹೆರಿಗೆಯ ನಂತರ ಮೂತ್ರದ ಕೊಳವೆಯನ್ನು ತೆಗೆದು, ಮೂತ್ರ ಸರಾಗವಾಗಿ ಹೋಗತೊಡಗಿದ ಮೇಲೆ, ನೋವಾಗದಷ್ಟು ಮೃದುವಾಗಿ ಅಭ್ಯಾಸವನ್ನು ಆರಂಭಿಸಬಹುದು. ಹೊಲಿಗೆ ಹಾಕಿದ್ದರೂ ಮೃದುವಾದ ಹಿಡಿತಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗುದದ್ವಾರದವರೆಗೆ ಹರಿದ ಗಾಯವಿದ್ದವರು ವೈದ್ಯರ ಸಲಹೆಯಂತೆ ನಡೆಯಬೇಕು. ಮಗುವಿಗೆ ಹಾಲುಣಿಸುವ ಹೊತ್ತನ್ನು ಅಭ್ಯಾಸಕ್ಕೆ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ಕರ್ನಾಟಕದ ಅನೇಕ ಮನೆಗಳಲ್ಲಿ ಬಾಣಂತಿಯ ಹೊಟ್ಟೆಗೆ ಬಟ್ಟೆಯನ್ನು ಬಿಗಿದು ಕಟ್ಟುವ ರೂಢಿಯುಂಟು. ಹದವಾದ ಕಟ್ಟು ಸೊಂಟಕ್ಕೆ ಹಿತವೆನಿಸಬಹುದಾದರೂ ಅದು ಶ್ರೋಣಿತಳಕ್ಕೆ ಬಲ ನೀಡುವುದಿಲ್ಲ. ಅತಿಯಾಗಿ ಬಿಗಿದರೆ ಹೊಟ್ಟೆಯ ಒತ್ತಡ ಕೆಳಮುಖವಾಗುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯೂ ಕೆಲವೆಡೆ ಇದೆ. ಇದರಿಂದ ಮಲಬದ್ಧತೆಯುಂಟಾಗಿ, ಮುಕ್ಕಿ ಮುಕ್ಕಿ ದುರ್ಬಲ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42ನೆಯ ದಿನದವರೆಗೆ ಗೊತ್ತಾದ ದಿನಗಳಂದು ಮನೆಗೆ ಭೇಟಿ ನೀಡುತ್ತಾರೆ. ಹೊರಗೆ ಹೇಳಿಕೊಳ್ಳಲು ಸಂಕೋಚಪಡುವ ತೊಂದರೆಯನ್ನು ತಿಳಿಸಲು ಆ ಭೇಟಿಗಳು ಅನುಕೂಲವಾದ ಸಂದರ್ಭ.

ಪ್ರಯೋಜನ ಮತ್ತು ಮಿತಿ

2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 21 ದೇಶಗಳ 10,832 ಮಹಿಳೆಯರನ್ನೊಳಗೊಂಡ 46 ಪ್ರಯೋಗಗಳನ್ನು ಪರಿಶೀಲಿಸಿತು. ಮೂತ್ರ ಸೋರಿಕೆಯಿಲ್ಲದ ಗರ್ಭಿಣಿಯರು ಬಸಿರಿನ ಆರಂಭದಲ್ಲೇ ವ್ಯಾಯಾಮ ತೊಡಗಿದರೆ, ಕೊನೆಯ ತಿಂಗಳುಗಳಲ್ಲಿ ಸೋರಿಕೆಯ ಸಂಭವ ಶೇ. 62ರಷ್ಟೂ, ಹೆರಿಗೆಯಾದ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಶೇ. 29ರಷ್ಟೂ ಕಡಿಮೆಯಾಗಬಹುದೆಂದು ಅದು ಕಂಡುಕೊಂಡಿತು. ಆದರೆ ಬಾಣಂತಿಯರಲ್ಲಿ ಆಗಲೇ ಇರುವ ಸೋರಿಕೆಗೆ ಇದು ಎಷ್ಟರಮಟ್ಟಿಗೆ ಚಿಕಿತ್ಸೆಯಾದೀತೆಂಬ ಬಗ್ಗೆ ಆ ಸಮೀಕ್ಷೆಗೆ ಖಚಿತ ಉತ್ತರ ಸಿಗಲಿಲ್ಲ. ಎಲ್ಲ ವಯಸ್ಸಿನ ಮಹಿಳೆಯರನ್ನು ಪರಿಗಣಿಸಿದ 2018ರ ಮತ್ತೊಂದು ಕಾಕ್ರೇನ್ ಸಮೀಕ್ಷೆಯಲ್ಲಿ, ಕೆಮ್ಮು-ಸೀನುಗಳ ಒತ್ತಡದಿಂದ ಸೋರುವ ತೊಂದರೆಯಿದ್ದವರ ಪೈಕಿ ವ್ಯಾಯಾಮ ಮಾಡಿದ ಶೇ. 56ರಷ್ಟು ಮಂದಿ ಗುಣವಾಯಿತೆಂದರು. ಮಾಡದವರಲ್ಲಿ ಹಾಗೆ ಹೇಳಿದವರು ಶೇ. 6 ಮಾತ್ರ.

ಗರ್ಭಕೋಶವು ಬಹಳ ಕೆಳಗಿಳಿದಿದ್ದರೆ ಅಥವಾ ಸ್ನಾಯು ಎಲುಬಿನಿಂದ ಕಿತ್ತುಬಂದಿದ್ದರೆ ವ್ಯಾಯಾಮವೊಂದೇ ಸಾಲದು. ಕೆಲವರಲ್ಲಿ ಈ ಸ್ನಾಯುಗಳು ದುರ್ಬಲವಾಗಿರದೆ ಅತಿಯಾಗಿ ಬಿಗಿದುಕೊಂಡಿರುತ್ತವೆ. ಅಂಥವರಿಗೆ ಸಂಭೋಗದಲ್ಲಿ ನೋವು, ಮೂತ್ರ ವಿಸರ್ಜನೆಗೆ ತಡೆ ಮುಂತಾದವು ಕಾಣಿಸಬಹುದು. ಅವರು ಕಲಿಯಬೇಕಾದುದು ಬಿಗಿಯುವುದನ್ನಲ್ಲ, ಸಡಿಲಬಿಡುವುದನ್ನು.

ಯೋಗದೊಡನೆ ಹೋಲಿಕೆ

ಹಠಯೋಗದ ಮೂಲಬಂಧ ಮತ್ತು ಅಶ್ವಿನೀ ಮುದ್ರೆಗಳಲ್ಲಿಯೂ ಗುದದ್ವಾರ ಹಾಗೂ ಅದರ ಸುತ್ತಲಿನ ಸ್ನಾಯುಗಳನ್ನು ಸಂಕೋಚಿಸಲಾಗುತ್ತದೆ. ಮೈಸೂರಿನ ಕೆ. ಪಟ್ಟಾಭಿ ಜೋಯಿಸ್ ಅವರು ಪ್ರಚುರಪಡಿಸಿದ ಅಷ್ಟಾಂಗ ವಿನ್ಯಾಸ ಯೋಗದಲ್ಲಿ ಮೂಲಬಂಧಕ್ಕೆ ಮುಖ್ಯ ಸ್ಥಾನವಿದೆ. ಆದರೆ ಮೂಲಬಂಧದ ಉದ್ದೇಶ ಪ್ರಾಣದ ನಿಯಂತ್ರಣ, ಕೆಗೆಲ್ ವ್ಯಾಯಾಮದ ಉದ್ದೇಶ ಸ್ನಾಯುಬಲ. ಬಂಧಗಳೊಡನೆ ಮಾಡುವ ಕುಂಭಕವನ್ನು, ಅಂದರೆ ಉಸಿರು ಕಟ್ಟುವುದನ್ನು, ಗರ್ಭಿಣಿಯರು ಮಾಡಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

• ಮೂರು ತಿಂಗಳ ಕ್ರಮವಾದ ಅಭ್ಯಾಸದ ನಂತರವೂ ಸೋರಿಕೆ ಕಡಿಮೆಯಾಗದಿದ್ದರೆ
• ಯೋನಿಯಲ್ಲಿ ಗಂಟು ಇಳಿದಂತೆ ಅಥವಾ ಭಾರ ಜಗ್ಗಿದಂತೆ ಅನಿಸಿದರೆ
• ಮಲದ ಮೇಲೆ ಹತೋಟಿ ತಪ್ಪಿದರೆ
• ಉರಿಮೂತ್ರ, ಜ್ವರ ಅಥವಾ ಮೂತ್ರದಲ್ಲಿ ರಕ್ತ ಕಂಡರೆ
• ವ್ಯಾಯಾಮ ಮಾಡುವಾಗ ನೋವಾದರೆ

ಹೆರಿಗೆಯಾದ ಬಳಿಕ ಮೂತ್ರ ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಾಗಿ ಹಲವು ವರ್ಷಗಳಾದವರೂ, ಮುಟ್ಟು ನಿಂತವರೂ ಈ ವ್ಯಾಯಾಮವನ್ನು ಕಲಿತು ಪ್ರಯೋಜನ ಪಡೆಯಬಹುದು. ಇದನ್ನು ಆರಂಭಿಸಲು ವಯಸ್ಸಿನ ಮಿತಿಯಿಲ್ಲ.