ಇಸ್ಪೀಟಿನ ಲೆಕ್ಕದಿಂದ ಕ್ಯಾನ್ಸರ್ ಚಿಕಿತ್ಸೆಯವರೆಗೆ



ಕ್ಯಾನ್ಸರ್ ರೋಗಿಗೆ 'ಕರೆಂಟ್ ಕೊಡುತ್ತಾರೆ' ಎಂಬ ಮಾತನ್ನು ನೀವು ಕೇಳಿರಬಹುದು. ವಾಸ್ತವದಲ್ಲಿ ಅಲ್ಲಿ ಕೊಡುವುದು ವಿದ್ಯುತ್ತಲ್ಲ, ವಿಕಿರಣ. ಅದಕ್ಕೆ ಇಂದು ಹೆಚ್ಚಾಗಿ ಬಳಸುವ ಯಂತ್ರವೇ ಲೀನಿಯರ್ ಆಕ್ಸಿಲರೇಟರ್. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇದರಿಂದ ಮೊದಲ ಬಾರಿಗೆ ರೋಗಿಗೆ ಚಿಕಿತ್ಸೆ ನೀಡಲಾಯಿತು.

ಈ ಯಂತ್ರದಲ್ಲಿ ಅತಿವೇಗದ ಎಲೆಕ್ಟ್ರಾನುಗಳು ಲೋಹದ ಫಲಕಕ್ಕೆ ಬಡಿದು ಎಕ್ಸ್-ಕಿರಣಗಳು ಹುಟ್ಟುತ್ತವೆ. ಆದರೆ ಅವೆಲ್ಲವೂ ನೇರವಾಗಿ ಗೆಡ್ಡೆಯನ್ನು ತಲುಪುವುದಿಲ್ಲ. ಕೆಲವು ಯಂತ್ರದ ಭಾಗಗಳಿಗೆ ತಗುಲಿ ಚದುರುತ್ತವೆ. ಕೆಲವು ದೇಹದೊಳಗೆ ದಿಕ್ಕು ಬದಲಿಸುತ್ತವೆ. ಗೆಡ್ಡೆಗೆ ವಿಕಿರಣ ಕಡಿಮೆಯಾದರೆ ರೋಗ ಉಳಿಯುತ್ತದೆ, ಪಕ್ಕದ ಅಂಗಕ್ಕೆ ಹೆಚ್ಚಾದರೆ ಹಾನಿಯಾಗುತ್ತದೆ. ಹಾಗಾದರೆ ಎಲ್ಲಿ ಎಷ್ಟು ಎಂದು ಲೆಕ್ಕ ಹಾಕುವುದು ಹೇಗೆ?

ಈ ಲೆಕ್ಕಕ್ಕೆ ನೆರವಾದ ವಿಧಾನ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಅಮೆರಿಕದ ಲಾಸ್ ಅಲಾಮೋಸ್ ಅಣ್ವಸ್ತ್ರ ಪ್ರಯೋಗಾಲಯದಲ್ಲಿ ದುಡಿದಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್, 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಆಟ ಗೆಲ್ಲುವ ಸಾಧ್ಯತೆ ಎಷ್ಟು ಎಂಬ ಪ್ರಶ್ನೆ ಅವರಿಗೆ ಬಂತು. ಸೂತ್ರದಿಂದ ಉತ್ತರ ಹುಡುಕುವುದಕ್ಕಿಂತ ನೂರು ಸಲ ಆಡಿ ಗೆಲುವುಗಳನ್ನು ಎಣಿಸುವುದೇ ಸುಲಭವೆಂದು ಹೊಳೆಯಿತು. ಈ ಯೋಚನೆಯನ್ನು ಜಾನ್ ವಾನ್ ನ್ಯೂಮನ್ ಬೆಳೆಸಿದರು. ಅದು ಮೊದಲು ಬಳಕೆಯಾದದ್ದು ಅಣ್ವಸ್ತ್ರಗಳಲ್ಲಿ ನ್ಯೂಟ್ರಾನುಗಳ ಚಲನೆಯನ್ನು ತಿಳಿಯಲು. ಜೂಜಿಗೆ ಹೆಸರಾದ ಊರಿನ ನೆನಪಿನಲ್ಲಿ ನಿಕೋಲಸ್ ಮೆಟ್ರೊಪೊಲಿಸ್ ಅದಕ್ಕೆ 'ಮಾಂಟೆ ಕಾರ್ಲೊ' ಎಂದು ಹೆಸರಿಟ್ಟರು. 1949ರಲ್ಲಿ ಈ ಕುರಿತ ಲೇಖನ ಪ್ರಕಟವಾಯಿತು.

ಚಿಕಿತ್ಸೆಯ ಲೆಕ್ಕದಲ್ಲಿಯೂ ಇದೇ ಉಪಾಯ. ಗಣಕಯಂತ್ರವು ಒಂದೊಂದೇ ಕಣವನ್ನು ಹಿಂಬಾಲಿಸುತ್ತದೆ. ಅದು ಎಷ್ಟು ದೂರ ಹೋಯಿತು, ಯಾವ ಕಡೆಗೆ ಚದುರಿತು, ಎಲ್ಲಿ ಎಷ್ಟು ಶಕ್ತಿ ಬಿಟ್ಟಿತು ಎಂಬುದನ್ನು ಭೌತವಿಜ್ಞಾನದ ನಿಯಮಗಳಿಗೆ ಅನುಗುಣವಾಗಿ, ದಾಳ ಹಾಕಿದಂತೆ, ತೀರ್ಮಾನಿಸುತ್ತದೆ. ಒಂದು ಕಣದಿಂದ ಏನೂ ತಿಳಿಯದು. ಕೋಟಿಗಟ್ಟಲೆ ಕಣಗಳಿಂದ ಸ್ಪಷ್ಟ ಚಿತ್ರ ಮೂಡುತ್ತದೆ. ಆದರೆ ಲೆಕ್ಕದ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಲು 4 ಪಟ್ಟು ಕಣಗಳು ಬೇಕು. ಆದ್ದರಿಂದ ವೇಗದ ಗಣಕಯಂತ್ರಗಳು ಬರುವವರೆಗೆ ಕಾಯಬೇಕಾಯಿತು.

1985ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಯೋಗಾಲಯದಿಂದ 'ಇಜಿಎಸ್4' ಎಂಬ ಪ್ರೋಗ್ರಾಂ ಹೊರಬಂತು. ಅದರ ಆಧಾರದ ಮೇಲೆ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಡೇವ್ ರೋಜರ್ಸ್ ಮತ್ತು ಸಂಗಡಿಗರು 'ಬೀಮ್' ಎಂಬ ಪ್ರೋಗ್ರಾಂ ರಚಿಸಿ 1995ರಲ್ಲಿ ಪ್ರಕಟಿಸಿದರು. ಯಂತ್ರದ ಒಂದೊಂದು ಭಾಗದಿಂದಲೂ ಎಷ್ಟು ವಿಕಿರಣ ಚದುರುತ್ತದೆಂದು ಅದು ತೋರಿಸಿಕೊಟ್ಟಿತು. ಗಾಳಿ ತುಂಬಿದ ಶ್ವಾಸಕೋಶದಂತಹ ಕಡೆ ಹಳೆಯ ಸರಳ ಸೂತ್ರಗಳು ತಪ್ಪುತ್ತಿದ್ದವು. ಅಲ್ಲಿ ಈ ವಿಧಾನ ಹೆಚ್ಚು ನಿಖರ.

ವಿದ್ಯಾರ್ಥಿ ಮಿತ್ರರೇ, ಅಸ್ತ್ರಕ್ಕಾಗಿ ಬೆಳೆದ ಲೆಕ್ಕ ಇಂದು ರೋಗಿಯ ಪ್ರಾಣ ಕಾಯುವ ಕೆಲಸದಲ್ಲಿದೆ. ವಿದ್ಯೆ ಯಾರ ಕೈಯಲ್ಲಿ, ಯಾವ ಉದ್ದೇಶಕ್ಕೆ ಎಂಬುದೇ ಮುಖ್ಯ. ಸಂಭವನೀಯತೆಯ ಪಾಠದಲ್ಲಿ ನಾಣ್ಯ, ದಾಳಗಳ ಲೆಕ್ಕ ಬಂದಾಗ ಅದನ್ನು ಬರೀ ಪರೀಕ್ಷೆಯ ಅಂಕಗಳಿಗಾಗಿ ಕಲಿಯಬೇಡಿ.