ಪಾರ್ಕಿನ್ಸನ್ ಕಾಯಿಲೆ: ವಂಶವಾಹಿಗಳು ಮತ್ತು ಅರಿವಿನ ಕುಸಿತ – ಕರ್ನಾಟಕದಲ್ಲಿ ನಡೆದ ಅಧ್ಯಯನಗಳ ಚರಿತ್ರೆ

ಕೈನಡುಕ, ಮೈಬಿಗಿತ ಮತ್ತು ಚಲನೆಯ ನಿಧಾನದಿಂದ ಗುರುತಿಸಲಾಗುವ ನರಕ್ಷಯದ ಕಾಯಿಲೆ. ನಡುಮಿದುಳಿನ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಪಟ್ಟಿಯಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುವುದು ಇದರ ಮೂಲ. ಕನ್ನಡದಲ್ಲಿ ಕಂಪವಾತ, ಅದುರುವಾಯು, ನಡುಕದ ಕಾಯಿಲೆ ಎಂಬ ಹೆಸರುಗಳು ಬಳಕೆಯಲ್ಲಿವೆ. ಮೂರೂ ನಡುಕವನ್ನು ನೋಡಿ ಇಟ್ಟವು. ಕಾಯಿಲೆ ಹಳೆಯದಾದಂತೆ ಹಲವರಲ್ಲಿ ಕಾಣುವ ಮರೆವು, ಗೊಂದಲ, ಇಲ್ಲದ್ದು ಇದ್ದಂತೆ ತೋರುವುದು ಈ ಹೆಸರುಗಳಲ್ಲಿ ಸೇರಿಲ್ಲ. ಈ ಲೇಖನ ಆ ಎರಡನೆಯ ಮುಖವನ್ನೂ ಅದಕ್ಕೂ ವಂಶವಾಹಿಗಳಿಗೂ ಇರುವ ನಂಟನ್ನೂ ಕುರಿತದ್ದು.

ಹಳೆಯ ಗೊಂದಲ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಕಾಯಿಲೆಯನ್ನು ವಿವರಿಸಿದಾಗ ರೋಗಿಯ ಬುದ್ಧಿಗೆ ಧಕ್ಕೆಯಿಲ್ಲ ಎಂದು ಬರೆದಿದ್ದ. ಫ್ರಾನ್ಸಿನ ಶಾರ್ಕೊ ಇದನ್ನು ಪೂರ್ತಿ ಒಪ್ಪಲಿಲ್ಲವಾದರೂ ಪಾರ್ಕಿನ್ಸನ್ನನ ಮಾತೇ ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ಕರ್ನಾಟಕದ ಹಳ್ಳಿಗಳಲ್ಲಿ ಆದ ಗೊಂದಲ ಇದಕ್ಕೆ ತಿರುಗುಮುರುಗು. ಇಲ್ಲಿ ಮರೆವನ್ನು ಎಲ್ಲರೂ ಕಂಡಿದ್ದರು, ಆದರೆ ಕಾಯಿಲೆಯ ಲೆಕ್ಕಕ್ಕೆ ಸೇರಿಸಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಅದನ್ನು ವಯಸ್ಸಿನ ಖಾತೆಗೆ ಬರೆದುಬಿಟ್ಟಿತ್ತು. ಮಂಡ್ಯ ಸೀಮೆಯಲ್ಲಿ ಮುದುಕರಿಗೆ ‘ಗ್ಯಾನ ತಪ್ಪೋಯ್ತು’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆಸ್ಪತ್ರೆಗೆ ಕರೆದೊಯ್ಯುವುದು ಕೈ ನಡುಗಿದರೆ, ಕಾಲು ಎತ್ತಿಡಲಾಗದಿದ್ದರೆ ಮಾತ್ರ.

ಆಯುರ್ವೇದದ ಕಂಪವಾತವೇ ಪಾರ್ಕಿನ್ಸನ್ ಕಾಯಿಲೆ ಎಂಬ ಸಮೀಕರಣ ಈಚಿನ ಓದು. ಕಂಪ, ವೇಪಥು ಎಂಬ ಶಬ್ದಗಳು ಹಲವು ಬಗೆಯ ನಡುಕಕ್ಕೆ ಅನ್ವಯಿಸುತ್ತವೆ. ಔಷಧದ ನಂಟು ಮಾತ್ರ ಗಟ್ಟಿಯಾದದ್ದು. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತ ಕಾವೇರಿ ದಡದಲ್ಲಿರುವಂಥ ಕುರುಚಲು ಕಾಡಿನ ಬಳ್ಳಿ ನಸುಗುನ್ನಿ, ಸಂಸ್ಕೃತದಲ್ಲಿ ಕಪಿಕಚ್ಚು. ಕಾಯಿಯ ಮೇಲಿನ ಕಂದು ರೋಮ ಸೋಕಿದರೆ ಮೈಯೆಲ್ಲ ತುರಿಕೆ. ಅದರ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಮದರಾಸಿನಲ್ಲಿ ಲೆವೊಡೋಪ ಬೇರ್ಪಡಿಸಿದರು. ಅದೇ ರಾಸಾಯನಿಕ ಮೂರು ದಶಕಗಳ ನಂತರ ಪಾರ್ಕಿನ್ಸನ್ ಚಿಕಿತ್ಸೆಯ ಮುಖ್ಯ ಔಷಧವಾಯಿತು. ಲೆವೊಡೋಪ ಕೈಕಾಲುಗಳನ್ನು ಸಡಿಲಿಸಿತು, ಆಯುಸ್ಸನ್ನು ಹೆಚ್ಚಿಸಿತು, ಮರೆವನ್ನು ಮುಟ್ಟಲಿಲ್ಲ. ಮೊದಲು ಬಿದ್ದು, ನ್ಯುಮೋನಿಯ ಬಂದು ಬೇಗ ತೀರಿಕೊಳ್ಳುತ್ತಿದ್ದವರು ಈಗ ಇಪ್ಪತ್ತು ವರ್ಷ ಬದುಕತೊಡಗಿದಾಗ ಬುದ್ಧಿಗೆ ಧಕ್ಕೆಯಿಲ್ಲ ಎಂಬ ಮಾತು ಸುಳ್ಳೆಂದು ಬಯಲಾಯಿತು. ಆಸ್ಟ್ರೇಲಿಯದ ಸಿಡ್ನಿ ಅಧ್ಯಯನದಲ್ಲಿ 20 ವರ್ಷ ಉಳಿದವರ ಪೈಕಿ ಶೇ. 83 ಮಂದಿಗೆ ಡಿಮೆನ್ಷಿಯ, ಅಂದರೆ ಅರಿವಿನ ತೀವ್ರ ಕುಸಿತ, ಇತ್ತು (2008).

ವಂಶದ ಪ್ರಶ್ನೆ. 1983ರಲ್ಲಿ ಅಮೆರಿಕದ ತಂಡವೊಂದು 43 ಜೊತೆ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಇಬ್ಬರಿಗೂ ಕಾಯಿಲೆ ಇದ್ದದ್ದು ಒಂದೇ ಜೊತೆಯಲ್ಲಿ. ಕಾಯಿಲೆ ವಂಶದಿಂದ ಬರುವುದಿಲ್ಲ ಎಂದು ಹದಿನಾಲ್ಕು ವರ್ಷ ನಂಬಲಾಯಿತು. 1997ರಲ್ಲಿ ಇಟಲಿಯ ಕೊಂತುರ್ಸಿ ಮೂಲದ ಮನೆತನವೊಂದರಲ್ಲಿ ಆಲ್ಫಾ ಸೈನ್ಯೂಕ್ಲೀನ್ ಜೀನಿನ ದೋಷ ಸಿಕ್ಕಿತು. 1998ರಲ್ಲಿ ಜಪಾನಿನಿಂದ ಪಾರ್ಕಿನ್, 2004ರಲ್ಲಿ ಎಲ್‌ಆರ್‌ಆರ್‌ಕೆ2. 2009ರಲ್ಲಿ 16 ಕೇಂದ್ರಗಳ 5,691 ರೋಗಿಗಳ ಅಧ್ಯಯನ ಗೋಶೆ ಎಂಬ ಆನುವಂಶಿಕ ಕಾಯಿಲೆಯ ಜೀನಾದ ಜಿಬಿಎಯಲ್ಲಿ ದೋಷವಿದ್ದರೆ ಪಾರ್ಕಿನ್ಸನ್ ಅಪಾಯ ಐದು ಪಟ್ಟಿಗೂ ಹೆಚ್ಚು ಎಂದು ತೋರಿಸಿತು.

ಈ ಜೀನುಗಳು ಅರಿವಿನ ವಿಷಯದಲ್ಲಿ ಒಂದೇ ಬಗೆಯವಲ್ಲ. ಪಾರ್ಕಿನ್ ದೋಷದವರಿಗೆ ಇಪ್ಪತ್ತು ಮೂವತ್ತರ ಹರೆಯದಲ್ಲೇ ಕಾಯಿಲೆ ಬಂದರೂ ಬುದ್ಧಿ ಬಹುಕಾಲ ಚುರುಕಾಗಿರುತ್ತದೆ. ಎಲ್‌ಆರ್‌ಆರ್‌ಕೆ2 ದೋಷ ಇರುವವರಲ್ಲಿಯೂ ಕುಸಿತ ಮಂದ. ಜಿಬಿಎ ದೋಷದವರಲ್ಲಿ ಅದು ಬೇಗ ಬರುತ್ತದೆ, ವೇಗವಾಗಿ ಸಾಗುತ್ತದೆ. ಆಲ್ಫಾ ಸೈನ್ಯೂಕ್ಲೀನ್ ಜೀನಿನ ಪ್ರತಿಗಳು ಹೆಚ್ಚಿರುವ ಮನೆತನಗಳಲ್ಲಿ ಡಿಮೆನ್ಷಿಯ ಸಾಮಾನ್ಯ.

ಬೆಂಗಳೂರಿನ ಮಿದುಳುಗಳು. ಕರ್ನಾಟಕದ ದಾಖಲೆಯಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಭಾಗ ಇದು. ನಿಮ್ಹಾನ್ಸ್‌ನ ಎಂ. ಗೌರಿದೇವಿ, ಜಿ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಗ್ರಾಮಾಂತರದ 1,02,557 ಮಂದಿಯನ್ನು ಮನೆಮನೆಗೆ ಹೋಗಿ ಸಮೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾರ್ಕಿನ್ಸನ್ ಇದ್ದವರು ಲಕ್ಷಕ್ಕೆ 33. ಮುಂಬಯಿಯ ಪಾರ್ಸಿಗಳಲ್ಲಿ 1988ರ ಅಧ್ಯಯನವೊಂದು ಕಂಡಿದ್ದ ಲೆಕ್ಕ ಲಕ್ಷಕ್ಕೆ 328. ಪಾರ್ಸಿಗಳಲ್ಲಿ ವೃದ್ಧರು ಹೆಚ್ಚು ಎಂಬುದನ್ನು ಗಮನಿಸಿದರೂ ಅಂತರ ದೊಡ್ಡದು. ಇದಕ್ಕೆ ಕಾರಣ ವಂಶವಾಹಿಯೋ, ಎಣಿಕೆಯ ದೋಷವೋ?

ವಂಶವಾಹಿಯ ಪರ ವಾದಕ್ಕೆ ಬಲ ಕೊಟ್ಟದ್ದು ನಿಮ್ಹಾನ್ಸ್‌ನಲ್ಲಿ ಎಸ್. ಕೆ. ಶಂಕರ್ ಕಟ್ಟಿದ ಮಿದುಳು ಭಂಡಾರ. ಅಪಘಾತದಲ್ಲಿ ಸತ್ತವರ ಮಿದುಳುಗಳು ಮರಣೋತ್ತರ ಪರೀಕ್ಷೆಯ ಬಳಿಕ, ಮನೆಯವರ ಒಪ್ಪಿಗೆಯ ಮೇಲೆ ಇಲ್ಲಿಗೆ ಬರುತ್ತವೆ. ಉದಯ ಮುಠಾಣೆ, ಟಿ. ಸಿ. ಯಶಾ ಮತ್ತು ಶಂಕರ್ 1998ರಲ್ಲಿ ಪ್ರಕಟಿಸಿದ ಎಣಿಕೆಯ ಪ್ರಕಾರ ಭಾರತೀಯ ಮಿದುಳುಗಳ ಕಪ್ಪು ಪಟ್ಟಿಯಲ್ಲಿ ಬಣ್ಣದ ನರಕೋಶಗಳು ಬ್ರಿಟನ್ನಿನ ಮಿದುಳುಗಳಿಗಿಂತ ಸುಮಾರು ಶೇ. 40ರಷ್ಟು ಕಡಿಮೆ. ಕಡಿಮೆ ಕೋಶವಿದ್ದವರಿಗೆ ಕಾಯಿಲೆ ಬೇಗ ಬರಬೇಕಿತ್ತು. ಆದರೆ ಅದೇ ಎಣಿಕೆಯಲ್ಲಿ ಇನ್ನೊಂದು ಸಂಗತಿಯಿತ್ತು: ವಯಸ್ಸಾದಂತೆ ಆ ಕೋಶಗಳು ಕಡಿಮೆಯಾಗುತ್ತಿರಲಿಲ್ಲ. ಫಾಲ್ಗುಣಿ ಅಲ್ಲಾಡಿ ಮತ್ತು ಸಂಗಡಿಗರು 2009ರಲ್ಲಿ ಬೇರೆ ವಿಧಾನದಿಂದ ಎಣಿಸಿದಾಗಲೂ ವಯಸ್ಸಿನ ಸವೆತ ಕಾಣಲಿಲ್ಲ.

ನಡುವೆ ಬಂದದ್ದು ಬೆಂಗಳೂರಿನ ಆಂಗ್ಲೋ ಇಂಡಿಯನ್ನರ ಅಧ್ಯಯನ (2003). ಯುರೋಪಿಯನ್ನರಲ್ಲಿ ಕಾಯಿಲೆ ಹೆಚ್ಚು, ಭಾರತೀಯರಲ್ಲಿ ಕಡಿಮೆ ಎಂದಾದರೆ ಎರಡೂ ಕಡೆಯ ರಕ್ತವಿರುವವರು ಮಧ್ಯದಲ್ಲಿರಬೇಕು. ರಘೋತ್ತಮನ್, ಮುಠಾಣೆ ತಂಡಕ್ಕೆ ಸಿಕ್ಕ ಲೆಕ್ಕದಲ್ಲಿ ಅವರು ಇಬ್ಬರಿಗಿಂತಲೂ ಕೆಳಗಿದ್ದರು. ಅದೇ ತಂಡ 2006ರಲ್ಲಿ ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ಹುಡುಕಿದಾಗ ಪಾರ್ಕಿನ್ಸನ್ ಲಕ್ಷಣದವರು ಬಹಳ ಮಂದಿ ಸಿಕ್ಕರು. ಅವರಲ್ಲಿ ಹೆಚ್ಚಿನವರ ಕಾಯಿಲೆಯನ್ನು ಅದುವರೆಗೆ ಯಾರೂ ಗುರುತಿಸಿರಲಿಲ್ಲ. ‘ಭಾರತೀಯರಲ್ಲಿ ಕಡಿಮೆ’ ಎಂಬ ಮಾತಿನಲ್ಲಿ ಒಂದು ಪಾಲು ನಿಜ ಇದ್ದರೂ ಇನ್ನೊಂದು ಪಾಲು ಹುಡುಕದೆ ಉಳಿದದ್ದರಿಂದ ಬಂದದ್ದು ಎಂಬುದಕ್ಕೆ ಈ ಸಣ್ಣ ಅಧ್ಯಯನ, ದೊಡ್ಡ ಸಮೀಕ್ಷೆಗಳಿಗಿಂತ ಒಳ್ಳೆಯ ಸಾಕ್ಷಿ.

ಸಂಬಂಧದ ಮದುವೆ. ಪಶ್ಚಿಮದ ಪಟ್ಟಿಯಲ್ಲಿ ಮೊದಲಿರುವ ಎಲ್‌ಆರ್‌ಆರ್‌ಕೆ2 ದೋಷ ಭಾರತದಲ್ಲಿ ಅಪರೂಪ ಎಂದು ಬಿ. ಕೆ. ಥೆಲ್ಮಾ ಅವರ ದೆಹಲಿ ತಂಡ 2006ರಲ್ಲಿ ತೋರಿಸಿತು. ಇಲ್ಲಿ ಎದ್ದು ಕಾಣುವುದು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಾತ್ರ ತಲೆಯೆತ್ತುವ ಜೀನುಗಳು. ಹಳೆ ಮೈಸೂರು ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು ವಾಡಿಕೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆತ್ತ ತಾಯಂದಿರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟ್ಲ್ಸ್ ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು.

ಬೆಂಗಳೂರಿನ ಪ್ರಶಾಂತ್ ಕುಕ್ಕಳೆ ಮತ್ತು ದೇಶದ ಹಲವು ಕೇಂದ್ರಗಳ ವೈದ್ಯರು ಎಳೆವಯಸ್ಸಿನಲ್ಲಿ ಕಾಯಿಲೆ ಬಂದ ಆರುನೂರಕ್ಕೂ ಹೆಚ್ಚು ರೋಗಿಗಳ ಜೀನುಗಳನ್ನು ಓದಿ 2024ರಲ್ಲಿ ಪ್ರಕಟಿಸಿದರು. ಕಾರಣ ತಿಳಿದುಬಂದ ಕುಟುಂಬಗಳಲ್ಲಿ ಪಾರ್ಕಿನ್ ಮುಂದಿತ್ತು. ಪಿಎಲ್‌ಎ2ಜಿ6 ಎಂಬ ಜೀನು ಕೂಡ ಇತ್ತು. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ದಾರಿಯಲ್ಲಿ ಬರುವ ದೋಷಗಳು, ಆದರೆ ಪಾರ್ಕಿನ್ ಬುದ್ಧಿಯನ್ನು ಮುಟ್ಟದೆ ಬಿಟ್ಟರೆ ಪಿಎಲ್‌ಎ2ಜಿ6 ಮೊದಲ ವರ್ಷಗಳಲ್ಲೇ ಅರಿವನ್ನೂ ನಡತೆಯನ್ನೂ ಕೆಡಿಸುತ್ತದೆ. ಇಪ್ಪತ್ತೈದರ ರೋಗಿಯ ಮನೆಯವರಿಗೆ ಮುಂದೇನು ಎಂದು ಹೇಳುವಾಗ ಈ ವ್ಯತ್ಯಾಸವೇ ಮುಖ್ಯ.

ಪಂಚಕೋನದ ತೊಡಕು. ಅರಿವಿನ ಕುಸಿತವನ್ನು ಮೊದಲೇ ಹೇಳುವ ಪ್ರಯತ್ನಗಳಲ್ಲಿ ತಿರುವು ತಂದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಅಧ್ಯಯನ. 142 ಹೊಸ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದಾಗ ಶೇ. 46 ಮಂದಿಗೆ ಡಿಮೆನ್ಷಿಯ ಬಂತು. ಮೊದಲೇ ಸುಳಿವು ಕೊಟ್ಟವು ಇವು: ವಯಸ್ಸು 72 ದಾಟಿರುವುದು, ಟೌ ಪ್ರೋಟೀನಿನ ಜೀನಿನಲ್ಲಿ ಎಚ್1 ರೂಪ ಎರಡೂ ಕಡೆಯಿಂದ ಬಂದಿರುವುದು, 90 ಸೆಕೆಂಡಿನಲ್ಲಿ ಇಪ್ಪತ್ತು ಪ್ರಾಣಿಗಳ ಹೆಸರು ಹೇಳಲಾಗದಿರುವುದು, ಒಂದನ್ನೊಂದು ಹಾಯುವ ಎರಡು ಪಂಚಕೋನಗಳನ್ನು ನೋಡಿ ಬರೆಯಲಾಗದಿರುವುದು.

ಮೊದಲ ಮೂರನ್ನು ಮಳವಳ್ಳಿಯಲ್ಲೂ ಅಳೆಯಬಹುದು. ಮುತ್ತತ್ತಿಯ ಕಡೆಯ ರೈತ ಆನೆ, ಕಡವೆ, ಮೊಸಳೆ, ನೀರುನಾಯಿ ಎಂದು ಕೇಂಬ್ರಿಡ್ಜ್‌ನವರಿಗಿಂತ ಬೇಗ ಇಪ್ಪತ್ತು ಮುಟ್ಟಿಯಾನು. ನಾಲ್ಕನೆಯದರಲ್ಲಿ ತೊಡಕು. ಚುಕ್ಕಿ ಇಟ್ಟು ಹೊಸ್ತಿಲ ಮುಂದೆ ಎಳೆ ತಪ್ಪದ ರಂಗೋಲಿ ಹಾಕುವ, ಎಂದೂ ಪೆನ್ಸಿಲ್ ಹಿಡಿಯದ ಅಜ್ಜಿ ಹಾಳೆಯ ಮೇಲೆ ಪಂಚಕೋನ ಕೆಡಿಸಿದರೆ ಅದು ಮಿದುಳಿನ ಸೋಲೋ, ಬೆರಳಿನ ಅಭ್ಯಾಸದ್ದೋ? ಕೈ ನಡುಗುವ ರೋಗಿಯಲ್ಲಿ ಪ್ರಶ್ನೆ ಇನ್ನೂ ಕಠಿಣ.

ನಿಮ್ಹಾನ್ಸ್ 2004ರ ತನ್ನ ನರಮನೋವಿಜ್ಞಾನ ಪರೀಕ್ಷೆಗಳ ಕೈಪಿಡಿಯಲ್ಲಿ ಓದಿನ ಮಟ್ಟಕ್ಕೆ ತಕ್ಕ ಮಾನದಂಡಗಳನ್ನು ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷಾ ಪೆಟ್ಟಿಗೆ 2020ರಲ್ಲಿ ಕನ್ನಡ, ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳಲ್ಲಿ ಬಂತು. ಪದಗಳನ್ನು ಅನುವಾದಿಸಿದ ಮಾತ್ರಕ್ಕೆ ಪರೀಕ್ಷೆ ಕನ್ನಡದ್ದಾಗುವುದಿಲ್ಲ ಎಂಬ ಅರಿವು ಇದರ ಹಿಂದಿದೆ. ಈ ಲೇಖನದ ದೃಷ್ಟಿಯಲ್ಲಿ ಈ ಪೆಟ್ಟಿಗೆ ಯಾವುದೇ ಹೊಸ ಜೀನಿನ ಪತ್ತೆಗಿಂತ ಕಡಿಮೆಯ ಘಟನೆಯಲ್ಲ: ಕುಸಿತವನ್ನೇ ಸರಿಯಾಗಿ ಅಳೆಯದೆ ಅದಕ್ಕೆ ಯಾವ ಜೀನು ಕಾರಣವೆಂದು ಹುಡುಕಲಾಗದು.

2018ರ ನಂತರ. ಕಾಯಿಲೆ ತರುವ ಜೀನುಗಳೇ ಕಾಯಿಲೆಯನ್ನು ಮುಂದಕ್ಕೆ ಒಯ್ಯುವುದಿಲ್ಲ ಎಂಬುದು ಈ ಅವಧಿಯಲ್ಲಿ ಸ್ಪಷ್ಟವಾಯಿತು. 2019ರ ಜಾಗತಿಕ ವಿಶ್ಲೇಷಣೆ 90 ಅಪಾಯದ ಗುರುತುಗಳನ್ನು ಪಟ್ಟಿ ಮಾಡಿತು. ಎಲ್ಲವೂ ಯುರೋಪಿಯನ್ ಮೂಲದವರಿಂದ. ಅರಿವಿನ ಕುಸಿತವನ್ನೇ ಗುರಿಯಾಗಿಸಿದ 2021ರ ಅಧ್ಯಯನದಲ್ಲಿ ಜಿಬಿಎ, ಎಪಿಒಇ ಜೀನುಗಳ ಜೊತೆಗೆ ರಿಮ್ಸ್2 ಎಂಬ ಬೇರೆ ಹೆಸರು ಸೇರಿತು. ಎಪಿಒಇಯ ಇ4 ರೂಪ ಭಾರತದಲ್ಲಿ ವಿರಳ ಎಂದು ಹರಿಯಾಣದ ಬಲ್ಲಭಗಢದ ಅಧ್ಯಯನ 2000ದಲ್ಲೇ ಹೇಳಿತ್ತು, ಇದ್ದವರಲ್ಲಿ ಅಲ್ಜೈಮರ್ ಕಾಯಿಲೆಯೊಂದಿಗಿನ ನಂಟು ಅಮೆರಿಕದಷ್ಟೇ ಎಂದೂ.

ಭಾರತೀಯ ರೋಗಿಗಳ ಜೀನು ಓದಲು ಗ್ಯಾಪ್ ಇಂಡಿಯಾ, ಲಕ್ಸ್ ಜಯಂಟ್ ಎಂಬ ಕೂಟಗಳು ರೂಪುಗೊಂಡಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ಹಿಂಬಾಲಿಸುವ ಗುರಿಯೊಂದಿಗೆ ಅಧ್ಯಯನ ನಡೆಸುತ್ತಿದೆ. ರಕ್ತ, ಎಂಆರ್‌ಐ, ಜೀನು ಮತ್ತು ಕನ್ನಡದಲ್ಲೇ ಕೇಳುವ ನೆನಪಿನ ಪರೀಕ್ಷೆ ಇದರ ಭಾಗ. ಅವೇ ಪ್ರಶ್ನೆಗಳನ್ನು ಅವರಿಗೇ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಲಾಗುತ್ತದೆ.