ಸರದಿಯಲ್ಲಿರುವ ಚಾಕು

ಕಳೆದ ವರ್ಷ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಒಬ್ಬ ಕಸುಬುದಾರರಿಗೆ ನನಗೊಂದು ಮಡಚುವ ಜೇಬುಚಾಕು ಮಾಡಿಕೊಡಿ ಎಂದು ಬರೆದೆ. ಮಾಡಿಕೊಡುತ್ತೇನೆ, ಮುಂಗಡ ಬೇಡ ಎಂದರು. ಯಾವಾಗ ಸಿಗಬಹುದು ಎಂದು ಕೇಳಿದ್ದಕ್ಕೆ, ನಿಮ್ಮ ಸರದಿ ಬಂದಾಗ ತಿಳಿಸುತ್ತೇನೆ ಎಂದು ಒಂದೇ ಸಾಲಿನ ಉತ್ತರ. ನಾನು ಪುಣೆಯಲ್ಲಿ ಹದಿನೆಂಟು ವರ್ಷಗಳಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವವನು. ತಾರೀಖು ಹೇಳುವುದೇ ನನ್ನ ಉದ್ಯೋಗ. ಹೇಳಿದ ತಾರೀಖಿಗೆ ಕೆಲಸ ಆಗದಿದ್ದರೆ ಯಾಕಾಗಲಿಲ್ಲ ಎಂದು ಸ್ಲೈಡು ಮಾಡಿ ತೋರಿಸುವುದು ಉಳಿದರ್ಧ ಉದ್ಯೋಗ. ಅಂಥವನಿಗೆ ತಾರೀಖೇ ಇಲ್ಲದ ಉತ್ತರ ಬಂದಾಗ ಮೊದಲು ಸಿಟ್ಟು ಬಂತು. ಒಂದು ವಾರದ ಮೇಲೆ, ಯಾಕೋ, ಹಾಯೆನಿಸಿತು.

ಚಾಕು ಯಾಕೆ ಬೇಕಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಾತ ಮಧುಗಿರಿ ಸೀಮೆಯ ಹಳ್ಳಿಯಲ್ಲಿ ಶಾಲೆಯ ಮೇಷ್ಟ್ರು. ಅವರ ಕೋಟಿನ ಒಳಜೇಬಿನಲ್ಲಿ ಸದಾ ಒಂದು ಚಾಕು ಇರುತ್ತಿತ್ತು. ಬೆರಳುದ್ದದ್ದು, ಕಪ್ಪು ಕೊಂಬಿನ ಹಿಡಿ, ಎರಡು ಅಲಗು. ಚಿಕ್ಕಪೇಟೆಯಲ್ಲಿ ಕೊಂಡದ್ದು ಎಂದು ಮನೆಯ ಮಾತು. ಅದಕ್ಕೆ ನಮ್ಮಲ್ಲಿ ಚಾಕು ಎಂಬ ಹೆಸರೇ ಇರಲಿಲ್ಲ, ‘ರಾಜರ್ಸು’ ಎನ್ನುತ್ತಿದ್ದರು. ಅದರಲ್ಲಿ ಹುಡುಗರಿಗೆ ಲೆಕ್ಕಣಿಕೆ ಸೀಳಿಕೊಡುತ್ತಿದ್ದರು, ವೀಳ್ಯದೆಲೆಯ ತೊಟ್ಟು ತೆಗೆಯುತ್ತಿದ್ದರು, ಮಾವಿನಕಾಯಿ ಹೆಚ್ಚಿ ಉಪ್ಪು ಹಚ್ಚಿ ಮೊಮ್ಮಕ್ಕಳಿಗೆ ಹಂಚುತ್ತಿದ್ದರು. ಮಸೆದು ಮಸೆದು ದೊಡ್ಡ ಅಲಗು ಅರ್ಧಕ್ಕರ್ಧ ಸವೆದಿತ್ತು. ಅದು ತಾತನಿಂದ ಅಪ್ಪನಿಗೆ, ನಾನು ಎಂ.ಟೆಕ್. ಮುಗಿಸಿದ ದಿನ ಅಪ್ಪನಿಂದ ನನಗೆ ಬಂತು. ಅಪ್ಪ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, ತಗೋ ಎಂದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ.

2009ರಲ್ಲಿ ವಿಮಾನ ನಿಲ್ದಾಣವೊಂದರ ತಪಾಸಣೆಯಲ್ಲಿ ಅದು ನನ್ನ ಲ್ಯಾಪ್‌ಟಾಪ್ ಚೀಲದಲ್ಲಿ ಸಿಕ್ಕಿತು. ತಪ್ಪು ನನ್ನದೇ, ಮರೆತಿದ್ದೆ. ಅಲ್ಲಿದ್ದವರು ಸಭ್ಯವಾಗಿಯೇ ಹೇಳಿದರು: ವಾಪಸ್ ಹೋಗಿ ಚೀಲವನ್ನು ಲಗೇಜಿಗೆ ಹಾಕಿ ಬನ್ನಿ, ಇಲ್ಲವೇ ಈ ಡಬ್ಬದಲ್ಲಿ ಹಾಕಿ. ವಾಪಸ್ ಹೋದರೆ ವಿಮಾನ ತಪ್ಪುತ್ತಿತ್ತು. ಆ ರಾತ್ರಿ ನಮ್ಮ ಒಂದು ದೊಡ್ಡ ರಿಲೀಸ್ ಇತ್ತು. ಡಬ್ಬದಲ್ಲಿ ಹಾಕಿದೆ. ಅಪ್ಪನಿಗೆ ‘ಎಲ್ಲೋ ಬಿದ್ದುಹೋಯಿತು’ ಎಂದೆ. 2017ರಲ್ಲಿ ಅವರು ತೀರಿಕೊಂಡರು, ಹಾಗೆಂದೇ ನಂಬಿಕೊಂಡು. ಆ ರಿಲೀಸಿನ ಸಾಫ್ಟ್‌ವೇರು ಮೂರು ವರ್ಷದಲ್ಲಿ ಮೂಲೆಗೆ ಬಿತ್ತು.

ಈ ‘ರಾಜರ್ಸು’ ಏನೆಂದು ನಾನು ಹುಡುಕತೊಡಗಿದ್ದು ಅದು ಹೋದಮೇಲೆ. ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ನಂಬರ್ 6, ನಾರ್ಫೋಕ್ ಸ್ಟ್ರೀಟ್, ಶೆಫೀಲ್ಡ್. ಗುರುತು: ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆಯಿಂದ ಅರಮನೆಗೆ ಚಾಕು ಒದಗಿಸುವ ಮನ್ನಣೆ ಸಿಕ್ಕ ಮೇಲೆ ಅಲಗಿನ ಬುಡದಲ್ಲಿ ಕಿರೀಟವನ್ನೂ ದೊರೆಯ ಹೆಸರಿನ ಮೊದಲಕ್ಷರವನ್ನೂ ಒತ್ತುತ್ತಿದ್ದರು. ತಾತನ ಚಾಕುವಿನಲ್ಲಿ ‘ಜಿ ಆರ್’ ಎಂದಿತ್ತು. ಚಿಕ್ಕವನಿದ್ದಾಗ ಅದು ಗೋವಿಂದರಾಯ ಎಂಬ ತಾತನ ಗೆಳೆಯರ ಹೆಸರೆಂದು ತಿಳಿದಿದ್ದೆ. ಜಾರ್ಜ್ ದೊರೆ ಎಂದು ಗೊತ್ತಾದಾಗ ಸ್ವಲ್ಪ ನಿರಾಸೆಯೇ ಆಯಿತು.

ಶೆಫೀಲ್ಡಿನ ಚಾಕುವಿನ ಕಥೆ ರಾಜರ್ಸ್‌ಗಿಂತ ಎಷ್ಟೋ ಹಳೆಯದು. 14ನೇ ಶತಮಾನದಲ್ಲಿ ಚಾಸರ್ ಕವಿ ಬರೆದ ಕಥೆಯೊಂದರಲ್ಲಿ ಒಬ್ಬ ಜಗಳಗಂಟ ಹಿಟ್ಟಿನ ಗಿರಣಿಯವನು ತನ್ನ ಕಾಲುಚೀಲದಲ್ಲಿ ಶೆಫೀಲ್ಡಿನ ಚಾಕು ಸಿಕ್ಕಿಸಿಕೊಂಡು ಓಡಾಡುತ್ತಾನೆ. ಆರುನೂರು ವರ್ಷದ ಹಿಂದೆಯೇ ಊರಿನ ಹೆಸರು ಹೇಳಿದರೆ ಸಾಕು, ಕೇಳುಗರಿಗೆ ಅರ್ಥವಾಗುತ್ತಿತ್ತು ಎಂದಾಯಿತು. ಕಾರಣ ಸರಳ. ಬೆಟ್ಟದಿಂದ ಇಳಿಯುವ ಐದು ಹೊಳೆಗಳು ಅಲ್ಲಿ ಸೇರುತ್ತವೆ, ಅವುಗಳ ಮೇಲೆ ನೀರಿನ ಚಕ್ರ ಹೂಡಬಹುದು. ಸುತ್ತಲ ಗುಡ್ಡಗಳಲ್ಲಿ ಸಾಣೆಗೆ ಹೇಳಿಮಾಡಿಸಿದ ಮರಳುಗಲ್ಲು. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಚಾಕುಗಾರರ ಸಂಘವೇ ಆಯಿತು. ಯಾರ ಗುರುತು ಯಾವುದು, ಯಾರು ಎಷ್ಟು ಶಿಷ್ಯರನ್ನಿಟ್ಟುಕೊಳ್ಳಬಹುದು ಎಂಬುದನ್ನೆಲ್ಲ ಅದು ನೋಡಿಕೊಳ್ಳುತ್ತಿತ್ತು.

ನನಗೆ ಹಿಡಿಸಿದ್ದು ಅಲ್ಲಿನ ಕೆಲಸದ ವ್ಯವಸ್ಥೆ. ದೊಡ್ಡ ಕಂಪನಿಯ ಹೆಸರಿನಲ್ಲಿ ಚಾಕು ಮಾರಾಟವಾದರೂ ಅದನ್ನು ಮಾಡುತ್ತಿದ್ದವರಲ್ಲಿ ಬಹಳ ಮಂದಿ ಕೂಲಿಯಾಳುಗಳಲ್ಲ. ಒಂದು ಕೋಣೆಯನ್ನೋ ಒಂದು ಸಾಣೆಯ ಜಾಗವನ್ನೋ ಬಾಡಿಗೆಗೆ ಹಿಡಿದ ಸ್ವತಂತ್ರ ಕಸುಬಿನವರು. ಒಬ್ಬ ಅಲಗು ಬಡಿಯುತ್ತಾನೆ, ಇನ್ನೊಬ್ಬ ಸಾಣೆ ಹಿಡಿಯುತ್ತಾನೆ, ಮೂರನೆಯವನು ಹಿಡಿ ಕೂರಿಸುತ್ತಾನೆ. ಇವರಿಗೆ ಅಲ್ಲಿನ ಆಡುಮಾತಿನಲ್ಲಿ ‘ಲಿಟ್ಲ್ ಮೆಸ್ಟರ್’ ಎಂದು ಹೆಸರು, ಅಂದರೆ ಚಿಕ್ಕ ಮಾಸ್ಟರು. ಲ್ಯಾಟಿನ್ನಿನ ‘ಮ್ಯಾಗಿಸ್ಟರ್’ ಆ ದಾರಿಯಲ್ಲಿ ಹೋಗಿ ಮೆಸ್ಟರ್ ಆಯಿತು, ಪೋರ್ಚುಗೀಸರ ಬಾಯಲ್ಲಿ ‘ಮೆಸ್ತ್ರಿ’ಯಾಗಿ ನಮ್ಮಲ್ಲಿಗೆ ಬಂದು ಮೇಸ್ತ್ರಿಯಾಯಿತು. ನಮ್ಮ ಗಾರೆ ಮೇಸ್ತ್ರಿಯೂ ಶೆಫೀಲ್ಡಿನ ಚಾಕು ಮೇಸ್ತ್ರಿಯೂ ಮಾತಿನ ಲೆಕ್ಕದಲ್ಲಿ ದಾಯಾದಿಗಳು. ಇಬ್ಬರೂ ತಾರೀಖು ಹೇಳುವುದಿಲ್ಲ.

ರಾಜರ್ಸ್ ಕಂಪನಿ ಮಾಡಿಸಿದ ದೊಡ್ಡಸ್ತಿಕೆಯ ಚಾಕುಗಳೂ ಇವೆ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ 75 ಅಲಗಿನ ‘ನಾರ್ಫೋಕ್ ಚಾಕು’ ಮಾಡಿದರು. ಇಸವಿಯಷ್ಟೇ ಅಲಗುಗಳಿದ್ದು ಕಾಲ ಸರಿದಂತೆ ಹೊಸ ಅಲಗು ಸೇರಿಸುತ್ತ ಹೋದ ‘ಇಸವಿ ಚಾಕು’ ಇನ್ನೊಂದು. ಚಿತ್ರದಲ್ಲಿ ನೋಡಿದರೆ ಮುಳ್ಳುಹಂದಿಯ ನೆನಪಾಗುತ್ತದೆ. ಒಂದು ಮಾವಿನಕಾಯಿಯನ್ನೂ ಹೆಚ್ಚಲಾಗದ ಚಾಕು ಯಾಕೆ ಬೇಕೋ.

ಜೇಬುಚಾಕುವಿನ ಜೀವ ಇರುವುದು ಅಲಗಿನಲ್ಲಲ್ಲ, ಬೆನ್ನಿನ ಸ್ಪ್ರಿಂಗಿನಲ್ಲಿ. ಹಿಡಿಯ ಬೆನ್ನಿಗೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ. ಅಲಗಿನ ಬುಡ ಅದಕ್ಕೆ ಒತ್ತಿಕೊಂಡು ತಿರುಗುತ್ತದೆ. ತೆರೆದಾಗಲೂ ಮುಚ್ಚಿದಾಗಲೂ ಪಟ್ಟಿ ಅಲಗನ್ನು ತನ್ನ ಬಲದಿಂದ ಹಿಡಿದಿಡುತ್ತದೆ, ಬೀಗವಿಲ್ಲ. ಅಲಗಿಗೆ ಬೇಕಾದ ಹದ ಬೇರೆ, ಪಟ್ಟಿಗೆ ಬೇಕಾದ ಹದ ಬೇರೆ. ಅಲಗು ಗಟ್ಟಿಯಿರಬೇಕು, ಪಟ್ಟಿ ಸಾವಿರಾರು ಸಲ ಬಾಗಿದರೂ ಮುರಿಯದಷ್ಟು ಮಿದುವಾಗಿರಬೇಕು. ಮೂರೂ ನಿಲುವಿನಲ್ಲಿ, ಅಂದರೆ ತೆರೆದಾಗ, ಅರ್ಧದಲ್ಲಿ, ಮುಚ್ಚಿದಾಗ, ಪಟ್ಟಿ ಹಿಡಿಯ ಬೆನ್ನಿಗೆ ಸಮನಾಗಿ ಕೂತರೆ ಮೇಸ್ತ್ರಿ ಗೆದ್ದ. ಮುಚ್ಚುವಾಗ ಕೇಳುವ ‘ಟಕ್’ ಸದ್ದಿನಿಂದಲೇ ಬಲ್ಲವರು ಕೆಲಸದ ಮಟ್ಟ ಹೇಳುತ್ತಾರೆ. ತಾತನ ಚಾಕುವಿನ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಬ್ರಿಟನ್ನಿನ 1988ರ ಕಾನೂನಿನಲ್ಲಿ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಬಹುದಾದ ಚಾಕುವೂ ಇದೇ: ಬೀಗವಿಲ್ಲದ, ಮಡಚುವ, ಮೂರು ಇಂಚು ಮೀರದ ಬಾಯಿಯದು.

ನನ್ನ ಎಂ.ಟೆಕ್. ಲೋಹಶಾಸ್ತ್ರದಲ್ಲಿ. ಓದಿದ ಮೇಲೆ ಕುಲುಮೆಯ ಮುಖ ನೋಡಿದವನಲ್ಲ. ಆದರೆ ಹುಡುಕುತ್ತ ಹೋದಾಗ ಹಳೆಯ ಓದು ಹೀಗೆ ಎದುರಾಗುತ್ತದೆಂದು ಎಣಿಸಿರಲಿಲ್ಲ. 1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಉಕ್ಕಿನ ಮಾದರಿ ಕಳಿಸಿದ. ಅದರ ಹೆಸರನ್ನು ‘ವೂಟ್ಸ್’ ಎಂದು ಬರೆದಿದ್ದರು. ಆ ಪದ ಯಾವ ಭಾರತೀಯ ಭಾಷೆಯಲ್ಲೂ ಇಲ್ಲ. ಕನ್ನಡದ ‘ಉಕ್ಕು’ ಎಂಬುದನ್ನು ‘ವೂಕ್’ ಎಂದು ಬರೆದು, ಅದನ್ನು ತಪ್ಪಾಗಿ ಓದಿ ‘ವೂಟ್ಸ್’ ಆಗಿರಬೇಕು ಎಂದು ಹಾಬ್ಸನ್-ಜಾಬ್ಸನ್ ನಿಘಂಟು ಊಹಿಸಿತು. ತೆಲುಗಿನವರೂ ಉಕ್ಕು ಎನ್ನುತ್ತಾರೆ, ಆದ್ದರಿಂದ ನಾವು ಒಬ್ಬರೇ ಬೀಗುವಂತಿಲ್ಲ. ಹೈದರಾಬಾದಿನ ಓದುಗರು ಪತ್ರ ಬರೆಯುವ ಮೊದಲೇ ಒಪ್ಪಿಕೊಂಡಿದ್ದೇನೆ.

ಬ್ಯಾಂಕ್ಸ್ ಆ ತುಂಡನ್ನು ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕುಗಾರನಿಗೆ ಕೊಟ್ಟು ಏನಾದರೂ ಮಾಡಿ ನೋಡು ಎಂದ. ಸ್ಟೋಡಾರ್ಟ್ ಮಾಡಿದ್ದು ಕತ್ತಿಯಲ್ಲ, ಕಠಾರಿಯಲ್ಲ. ಒಂದು ಪೆನ್‌ನೈಫ್! ಹಕ್ಕಿಗರಿಯ ಲೇಖನಿ ಕೆತ್ತುವ ಪುಟ್ಟ ಚಾಕು, ತಾತನ ಲೆಕ್ಕಣಿಕೆಯ ಚಾಕುವಿನ ಅಣ್ಣ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಈ ವಿವರವಿದೆ. ಕತ್ತಲೆಯಲ್ಲಷ್ಟೇ ಕಾಣುವ ಮಂಕು ಕೆಂಪಿನ ಕಾವಿನಲ್ಲಿಯೇ ಅದು ಹದಕ್ಕೆ ಬಂತಂತೆ, ಬಾಯಿ ಅಲ್ಲಿನ ಶ್ರೇಷ್ಠ ಉಕ್ಕಿನ ಚಾಕುವಿನಷ್ಟೇ ಹರಿತವಾಗಿತ್ತಂತೆ. ನಮ್ಮ ಉಕ್ಕಿನಲ್ಲಿ ಇಂಗಾಲ ಹೆಚ್ಚು, ನೂರಕ್ಕೆ ಸುಮಾರು ಒಂದೂವರೆ ಪಾಲು. ಬೆಳ್ಳಗೆ ಕಾಯಿಸಿ ಬಡಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕಡಿಮೆ ಕಾವಿನಲ್ಲಿ ತಾಳ್ಮೆಯಿಂದ ಬಡಿಯಬೇಕು. ಸ್ಟೋಡಾರ್ಟ್‌ಗೆ ಅದೆಷ್ಟು ಹಿಡಿಸಿತೆಂದರೆ, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ನನಗೆ ಈ ಭಾರತದ ಉಕ್ಕೇ ಇಷ್ಟ ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಮುಂದೆ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಇವನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಿದ. ಅಲ್ಯೂಮಿನಿಯಮ್ ಕಾರಣ ಎಂದುಕೊಂಡದ್ದು ತಪ್ಪಾಯಿತು. ಆದರೆ ಆ ಹುಡುಕಾಟದಿಂದ ಮಿಶ್ರ ಉಕ್ಕಿನ ಪ್ರಯೋಗಗಳೇ ಶುರುವಾದವು.

ಇತ್ತ, 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಹಸಿಮಣ್ಣಿನ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ; ಬಾಯಿ ಮುಚ್ಚಿ ಬೆಂಕಿಗೆ. ನಮ್ಮೂರಿನ ಬೀಳಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಅದೇ ತಂಗಡಿ. ಶೆಫೀಲ್ಡ್ ಮೂಸೆಯ ಉಕ್ಕನ್ನು ಕಂಡದ್ದು 1740ರ ದಶಕದಲ್ಲಿ, ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನಿಂದ. ದಖ್ಖನಿನಲ್ಲಿ ಅದು ಅದಕ್ಕಿಂತ ಎಷ್ಟೋ ಶತಮಾನ ಹಳೆಯ ಕಸುಬು. ಹಾಗೆಂದು ಶೆಫೀಲ್ಡಿನ ಚಾಕುಗಳೆಲ್ಲ ನಮ್ಮ ಉಕ್ಕಿನವು ಎಂದು ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಅವರ ಉಕ್ಕಿಗೆ ಕಬ್ಬಿಣ ಬರುತ್ತಿದ್ದುದು ಹೆಚ್ಚಾಗಿ ಸ್ವೀಡನ್ನಿನಿಂದ. ಇಲ್ಲಿಂದ ಹೋಗುತ್ತಿದ್ದುದು ಹಿಡಿಗೆ ಬೇಕಾದ ಎಮ್ಮೆಯ ಕೊಂಬು, ಕಡವೆಯ ಕೊಂಬು. ಕಡವೆಯದರ ರಫ್ತನ್ನು ಭಾರತ ಈಗ ನಿಷೇಧಿಸಿದೆ. ಮಧುಗಿರಿಯಲ್ಲಿ ಉಕ್ಕು ಕಾಯಿಸುವವರ ಕುಲುಮೆ ಆರಿಹೋಗಿ, ಅದೇ ಸೀಮೆಯ ಮೇಷ್ಟ್ರು ಚಿಕ್ಕಪೇಟೆಯಲ್ಲಿ ಶೆಫೀಲ್ಡಿನ ಚಾಕು ಕೊಳ್ಳುವ ಹೊತ್ತಿಗೆ ನಡುವೆ ಏನೇನು ನಡೆಯಿತು ಎಂಬುದೇ ಒಂದು ಇತಿಹಾಸ.

ಶೆಫೀಲ್ಡಿನವರು ಅದನ್ನು ಸುಮ್ಮನೆ ಗೆದ್ದುಕೊಂಡರು ಎಂದೂ ಅಲ್ಲ. ಸಾಣೆ ಹಿಡಿಯುವವನು ಕುದುರೆ ಏರಿದಂತೆ ಮರದ ಪೀಠದ ಮೇಲೆ ಕೂತು, ತಿರುಗುವ ಮರಳುಗಲ್ಲಿನ ಮೇಲೆ ಬಾಗಿ ಕೆಲಸ ಮಾಡಬೇಕು. ಕಲ್ಲಿನ ದೂಳು ಉಸಿರಿನೊಂದಿಗೆ ಒಳಗೆ. 1845ರಲ್ಲಿ ಎಂಗೆಲ್ಸ್ ಬರೆದ ಪುಸ್ತಕದಲ್ಲಿ ಅವರ ಆಯಸ್ಸಿನ ಲೆಕ್ಕವಿದೆ: ಒಣ ಸಾಣೆಯವರದು ಸರಾಸರಿ 35 ಮುಟ್ಟುವುದೇ ಕಷ್ಟ, ನೀರಿನ ಸಾಣೆಯವರು 45 ದಾಟುವುದು ಅಪರೂಪ. ದೂಳು ಎಳೆಯುವ ಸಾಧನ ಬಂದಾಗ ಕೆಲವರು ಅದನ್ನು ಒಡೆದೇ ಹಾಕಿದರಂತೆ. ಅಪಾಯ ಕಡಿಮೆಯಾದರೆ ಕಸುಬಿಗೆ ಹೆಚ್ಚು ಜನ ಬರುತ್ತಾರೆ, ಕೂಲಿ ಇಳಿಯುತ್ತದೆ ಎಂದು. ನನಗೀಗ ನಲವತ್ತಾರು. ಈ ಸಾಲು ಓದಿದ ರಾತ್ರಿ, ತಾತನ ಚಾಕುವಿನ ಅಲಗಿಗೆ ಸಾಣೆ ಹಿಡಿದವನು ಎಷ್ಟು ವರ್ಷ ಬದುಕಿದನೋ ಎಂದು ಬಹಳ ಹೊತ್ತು ನಿದ್ದೆ ಬರಲಿಲ್ಲ.

ರಾಜರ್ಸ್ ಸ್ವತಂತ್ರ ಕಂಪನಿಯಾಗಿ ಉಳಿಯಲಿಲ್ಲ. ಲಿಟ್ಲ್ ಮೆಸ್ಟರುಗಳು ಒಬ್ಬೊಬ್ಬರಾಗಿ ಕಣ್ಮರೆಯಾದರು. ಹಳೆಯ ತಲೆಮಾರಿನಲ್ಲಿ ಹೆಸರಾಗಿದ್ದವರು ಸ್ಟಾನ್ ಶಾ. 1926ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಕೆಲಸಕ್ಕೆ ಸೇರಿ, ಮೊದಲಿನಿಂದ ಕೊನೆಯವರೆಗೆ ಇಡೀ ಚಾಕುವನ್ನು ಒಬ್ಬರೇ ಮಾಡುತ್ತಿದ್ದರು. ಅವರ ಚಾಕು ಬೇಕಾದವರು ನಾಲ್ಕು ವರ್ಷ ಕಾಯುತ್ತಿದ್ದರು. ನಾನು ಇದನ್ನೆಲ್ಲ ತಿಳಿದು ಯೋಚಿಸುವಷ್ಟರಲ್ಲಿ, 2021ರಲ್ಲಿ, ಅವರು ತೀರಿಕೊಂಡರು.

ಹಾಗಾಗಿ ನನ್ನ ಮೇಸ್ತ್ರಿ ಬೇರೆಯವರು, ನನಗಿಂತ ಕಿರಿಯರು. ಹೆಸರು ಬೇಡ, ಸರದಿ ಇನ್ನೂ ಉದ್ದವಾದೀತು. ಕಾಯುವ ಕೆಲಸವೂ ಒಂದು ಕೆಲಸವೇ. ಮೊದಲ ತಿಂಗಳು ನೆನಪಿನಿಂದ ತಾತನ ಚಾಕುವಿನ ಚಿತ್ರ ಬರೆದು ಕಳಿಸಿದೆ. ಅಮ್ಮನಿಗೆ ತೋರಿಸಿದರೆ, “ಅಷ್ಟು ಉದ್ದ ಇರ್ಲಿಲ್ಲ ಕಣೋ, ನಿನ್ ಕೈ ಚಿಕ್ಕದಿತ್ತು ಅಷ್ಟೆ” ಎಂದರು. ತಿದ್ದಿ ಮತ್ತೆ ಕಳಿಸಿದೆ. ಹಿತ್ತಾಳೆಯ ಒಳಪಟ್ಟಿ ಬೇಕೆಂದೆ, ಆಮೇಲೆ ಬೇಡವೆಂದೆ, ಆಮೇಲೆ ಬೇಕೆಂದೆ. ಆಫೀಸಿನಲ್ಲಿ ಗಿರಾಕಿಗಳು ಹೀಗೆ ಮಾಡಿದರೆ ನಾನು ಚೇಂಜ್ ರಿಕ್ವೆಸ್ಟ್ ಹಾಕಿ ಹಣ ಕೇಳುತ್ತೇನೆ. ಅವರು ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆದರು: ಹಿತ್ತಾಳೆ ಇರುತ್ತದೆ. ಎಮ್ಮೆಕೊಂಬಿನ ಹಿಡಿ, ಎರಡು ಅಲಗು, ತುಕ್ಕು ಹಿಡಿಯುವ ಹಳೇ ಬಗೆಯ ಉಕ್ಕು ಎಂಬಲ್ಲಿಗೆ ನಿಂತಿದೆ. ತುಕ್ಕು ಹಿಡಿಯದ ಉಕ್ಕೂ 1913ರಲ್ಲಿ ಶೆಫೀಲ್ಡಿನಲ್ಲೇ ಹುಟ್ಟಿದ್ದು, ಹ್ಯಾರಿ ಬ್ರಿಯರ್ಲಿಯ ಕೈಯಲ್ಲಿ. ಆದರೆ ಮಾವಿನಕಾಯಿಯ ಹುಳಿಗೆ ನೀಲಿ ಬಣ್ಣ ತಿರುಗುವ ಅಲಗೇ ನನಗೆ ಬೇಕು.

ಅಮ್ಮನಿಗೆ ಡಬ್ಬದ ವಿಷಯವನ್ನು ಕಳೆದ ಯುಗಾದಿಗೆ ಹೇಳಿದೆ. ಹೋಳಿಗೆಗೆ ಹೂರಣ ಕಟ್ಟುತ್ತಿದ್ದವರು ತಲೆಯೆತ್ತಲಿಲ್ಲ. “ಅವ್ರಿಗೆ ಗೊತ್ತಿತ್ತು. ಬಿದ್ದುಹೋಗಿದ್ರೆ ನೀನು ಊರೆಲ್ಲ ಹುಡುಕ್ತಿದ್ದೆ ಅಂದಿದ್ರು,” ಎಂದರು.

ಮೊನ್ನೆ ಮಂಗಳವಾರ, ಸ್ಟೇಟಸ್ ಮೀಟಿಂಗಿನ ನಡುವೆ, ಶೆಫೀಲ್ಡಿನಿಂದ ಎರಡು ಸಾಲು ಬಂತು. ಅಲಗುಗಳು ಹದವಾಗಿವೆ, ಸ್ಪ್ರಿಂಗು ಇನ್ನೂ ಆಗಬೇಕು. ಚಾಕುವನ್ನು ಅಂಚೆಯಲ್ಲಿ ತರಿಸುವ ಧೈರ್ಯ ನನಗಿಲ್ಲ. ಮ್ಯಾಂಚೆಸ್ಟರಿನಲ್ಲಿರುವ ನಮ್ಮ ತಂಡದ ಹುಡುಗ ದೀಪಾವಳಿಗೆ ಬರುವಾಗ ತರುತ್ತಾನೆ, ಅಷ್ಟರಲ್ಲಿ ಆದರೆ. ದೊಡ್ಡ ಸೂಟ್‌ಕೇಸಿನಲ್ಲಿ ಹಾಕು, ಕೈಚೀಲದಲ್ಲಿ ಬೇಡ ಎಂದು ಅವನಿಗೆ ಈಗಾಗಲೇ ನಾಲ್ಕು ಸಲ ಹೇಳಿದ್ದೇನೆ. ಬಂದ ಮೇಲೆ ಕೈಗೆ ಕೊಡಬೇಡ, ಮೇಜಿನ ಮೇಲಿಡು ಎಂದೂ ಹೇಳಬೇಕು.